ಕಣ್ಣೀರಿನ ಚಿತ್ರಗಳೆಂದು ಜರಿಯುವವರಿಗೆ

ಈಚೆಗೆ ಒಂದು ಪಠ್ಯ ಸಮಿತಿಯ ಸಭೆಯಲ್ಲಿ ಕುಳಿತಿದ್ದೆ. ಪದವಿ ತರಗತಿಗಳಿಗೆ ‘ಸಾಹಿತ್ಯ ಮತ್ತು ಚಲಚ್ಚಿತ್ರ’ ಎಂಬ ಹೊಸ ಪತ್ರಿಕೆಯೊಂದನ್ನು ಗೊತ್ತುಮಾಡುವ ಕೆಲಸ. ‘ಸಂಸ್ಕಾರ’, ‘ವಂಶವೃಕ್ಷ’, ‘ಘಟಶ್ರಾದ್ಧ’ ಇವು ಚರ್ಚೆಯೇ ಇಲ್ಲದೆ ಪಟ್ಟಿಗೆ ಸೇರಿದವು, ಸೇರತಕ್ಕವೇ. ಪುಟ್ಟಣ್ಣ ಕಣಗಾಲರ ‘ಶರಪಂಜರ’ವೂ ಇರಲಿ ಎಂದು ನಾನು ಸೂಚಿಸಿದೆ. ಸಭೆಯಲ್ಲಿ ಸಣ್ಣಗೆ ಒಂದು ನಗು ಹರಿದಾಡಿತು. “ಸ್ವಾಮಿ, ಅದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೋಡುವ ಚಿತ್ರ. ಅದರಲ್ಲಿ ಪಾಠ ಹೇಳುವುದಕ್ಕೆ ಏನಿದೆ?” ಎಂದರು ಹಿರಿಯ ಮಿತ್ರರೊಬ್ಬರು. ಅಷ್ಟರಲ್ಲಿ ಕಾಫಿ ಬಂತು, ಚರ್ಚೆ ಮುಗಿಯಿತು. ಅಲ್ಲಿ ಆಡಲಾಗದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಮಿತ್ರರ ಆಕ್ಷೇಪಣೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಎಳೆಗಳಿವೆ. ಸಂಸಾರದ ಕಥೆ, ತಾಯಿಯ ಕರುಳು, ನಾಲ್ಕಾರು ಹಾಡು, ಕೊನೆಗೆ ಕಣ್ಣೀರು—ಇದು ಸಿದ್ಧವಾದ ಅಚ್ಚು. ಅಚ್ಚಿನಲ್ಲಿ ಎರಕ ಹೊಯ್ಯುವವನಿಗೆ ಸ್ವಂತಿಕೆ ಎಲ್ಲಿಯದು ಎಂಬುದು ಮೊದಲನೆಯದು. ಸ್ವಂತಿಕೆ ಬೇಕೆಂದವನು ಅಚ್ಚನ್ನು ಒಡೆದು ಹೊರಗೆ ಬರಬೇಕು, 1970ರ ‘ಸಂಸ್ಕಾರ’ದಿಂದ ಈಚೆಗೆ ಕೆಲವರು ಹಾಗೆ ಬಂದರು, ಒಳಗೇ ಉಳಿದವನು ಬರಿಯ ವ್ಯಾಪಾರಿ ಎಂಬುದು ಎರಡನೆಯದು.

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಸುಮ್ಮನಿರಬಹುದಿತ್ತು. ಕನ್ನಡ ಮೇಷ್ಟ್ರುಗಳು ಆಡಿದ್ದು ನನಗೆ ಸೋಜಿಗ. ಬೆಳಗಿನ ತರಗತಿಯಲ್ಲಿ ನಾವು ಬೋಧಿಸುವುದೇನು? ಭಾರತದ ಕಥೆ ಪಂಪನ ಸ್ವಂತದ್ದಲ್ಲ. ಆದರೂ 941ರಲ್ಲಿ ಅವನು ಅದನ್ನು ಎತ್ತಿಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ; ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ; ಅಷ್ಟೆಲ್ಲ ಮಾಡಿಯೂ ಓದುಗನ ಎದೆಯಲ್ಲಿ ಕರ್ಣನನ್ನೇ ನೆಲೆಗೊಳಿಸಿದ. ಷಟ್ಪದಿ ಕುಮಾರವ್ಯಾಸನ ಪಿತ್ರಾರ್ಜಿತ ಆಸ್ತಿಯಾಗಿರಲಿಲ್ಲ. ರಾಘವಾಂಕನಂಥವರು ಅದನ್ನು ಮೊದಲೇ ಹದಗೊಳಿಸಿದ್ದರು. ಆದರೂ ಭಾಮಿನಿ ಎಂದೊಡನೆ ನಮಗೆ ನೆನಪಾಗುವವನು ಗದುಗಿನವನೇ. ಹತ್ತು ಜನ ನಡೆದ ದಾರಿಯಲ್ಲಿ ತನ್ನ ಹೆಜ್ಜೆ ಬೇರೆಯೆಂದು ಗುರುತು ಹತ್ತುವಂತೆ ನಡೆದವನನ್ನು ಮಹಾಕವಿಯೆಂದು ಕೊಂಡಾಡುತ್ತೇವೆ. ಅದೇ ಅಳತೆಗೋಲನ್ನು ಚಿತ್ರಮಂದಿರದ ಬಾಗಿಲಿಗೆ ಬಂದೊಡನೆ ಕೆಳಗಿಡುವುದು ಯಾವ ನ್ಯಾಯ?

ಪುಟ್ಟಣ್ಣನವರ ವಿಷಯಕ್ಕೆ ಬರೋಣ. ಅವರು ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿದವರು. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಸಂಸಾರ ಚಿತ್ರಗಳ ಅಚ್ಚಿಗೆ ಒಳ್ಳೆಯ ಮಾದರಿ. ಊರಿಗೆ ಉಪಕಾರಿಯಾದ ಮೇಷ್ಟ್ರು ಮುಪ್ಪಿನಲ್ಲಿ ಹೆತ್ತ ಮಕ್ಕಳಿಂದಲೇ ಕಡೆಗಣಿಸಲ್ಪಡುತ್ತಾರೆ. ಕೊನೆಗೆ ಕೈ ಹಿಡಿಯುವವನು ಹಳೆಯ ಶಿಷ್ಯ. ನೋಡುವವನು ಅಳುತ್ತಾನೆ, ಆದರೆ ಸಮಾಧಾನದಿಂದ ಮನೆಗೆ ಹೋಗುತ್ತಾನೆ: ಮಕ್ಕಳು ಕೆಟ್ಟರೂ ಗುರುಭಕ್ತಿ ಕೆಟ್ಟಿಲ್ಲ, ಲೋಕ ಇನ್ನೂ ನಿಂತಿದೆ. ಈ ಕಥೆಯನ್ನೇ ಪುಟ್ಟಣ್ಣನವರು 1964ರಲ್ಲಿ ಮಲಯಾಳದಲ್ಲಿ ನಿರ್ದೇಶಿಸಿದರು. ಅವರು ನಿರ್ದೇಶಕರಾಗಿ ಹೆಜ್ಜೆಯಿಟ್ಟದ್ದೇ ಈ ಅಚ್ಚಿನೊಳಗೆ.

ಎಂಟು ವರ್ಷಗಳ ಮೇಲೆ, 1972ರಲ್ಲಿ, ಅದೇ ಕೈಯಿಂದ ‘ನಾಗರಹಾವು’ ಬಂತು. ಅಲ್ಲಿಯೂ ಮೇಷ್ಟ್ರಿದ್ದಾರೆ, ಶಿಷ್ಯನಿದ್ದಾನೆ, ಗುರುಭಕ್ತಿಯಿದೆ. ಚಾಮಯ್ಯ ಮೇಷ್ಟ್ರ ಪಾತ್ರದಲ್ಲಿ ಕೆ. ಎಸ್. ಅಶ್ವಥ್ ಅವರ ಸೌಮ್ಯವಾದ ಮುಖವನ್ನು ನೋಡಿದರೆ ಕೈ ಮುಗಿಯಬೇಕೆನ್ನಿಸುತ್ತದೆ. ಆದರೆ ಇಲ್ಲಿ ಶಿಷ್ಯನನ್ನು ಕೆಡಿಸುವುದು ಆ ಸೌಮ್ಯತೆಯೇ. ಗುರುವಿನ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳು ಗೌರವದ ಮನೆ ಸೇರಿದಳೆಂದು ನಂಬಿದವನಿಗೆ, ಗಂಡನೇ ಅವಳನ್ನು ಮಾರಿಕೊಂಡು ತಿನ್ನುವ ದೃಶ್ಯ ಎದುರಾಗುತ್ತದೆ. ಮಾರ್ಗರೇಟಳ ವಿಷಯದಲ್ಲಿ ಗುರುಗಳು ಮತ್ತೆ ಅಡ್ಡ ನಿಂತಾಗ, ಶಿಷ್ಯನ ಕೈಯಿಂದಲೇ ಗುರು ಪ್ರಪಾತಕ್ಕೆ ಬೀಳುತ್ತಾರೆ. ಪ್ರೇಮಿಗಳೂ ಅದೇ ದಾರಿ ಹಿಡಿಯುತ್ತಾರೆ. ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಲೋಕವನ್ನು ಎತ್ತಿ ನಿಲ್ಲಿಸಿದ ಕಂಬವೇ ಇಲ್ಲಿ ಮುರಿದು ತಲೆಯ ಮೇಲೆ ಬೀಳುತ್ತದೆ. ಅಚ್ಚನ್ನು ಒಡೆಯಲಿಲ್ಲ, ನಿಜ. ಅದರೊಳಗೆ ಹೊಯ್ದ ಲೋಹ ಯಾವುದೆಂದು ನೋಡಬೇಡವೇ?

ಇಲ್ಲಿ ಸಾಹಿತ್ಯಾಭಿಮಾನಿಗಳು ಒಂದು ದಾಖಲೆಯನ್ನು ಮುಂದಿಡುತ್ತಾರೆ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಈ ಚಿತ್ರವನ್ನು ಕಂಡು, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಕಾದಂಬರಿಕಾರರೇ ಬೇಸರಪಟ್ಟರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಆ ಬೇಸರ ಲೇಖಕನ ಹಕ್ಕು. ಆದರೆ ಅದನ್ನೇ ತೀರ್ಪೆಂದು ನಾವು ತೆಗೆದುಕೊಳ್ಳಬೇಕಾಗಿಲ್ಲ. ವ್ಯಾಸರನ್ನು ಕೇಳಿ ಪಂಪನಿಗೆ ಅಂಕ ಕೊಡುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ. ಚಿತ್ರದುರ್ಗದ ಬಂಡೆಗಳ ನಡುವೆ ಒಬ್ಬ ಪೋಕರಿ ಹುಡುಗನನ್ನು ನಿಲ್ಲಿಸಿ, ಅವನ ಕಥೆಯ ಮಧ್ಯದಲ್ಲಿ ಒನಕೆ ಓಬವ್ವನ ಕಥೆಯನ್ನು ಹಾಡಾಗಿ ತಂದು, ಐತಿಹಾಸಿಕ ಚಿತ್ರದ ವೀರವನ್ನು ಸಾಮಾಜಿಕ ಚಿತ್ರದ ಸಂಕಟದ ಪಕ್ಕದಲ್ಲಿಟ್ಟದ್ದು ಚಿತ್ರದ ಭಾಷೆಯಲ್ಲಿ ಆಡಿದ ಮಾತು. ಅದನ್ನು ಆ ಭಾಷೆಯಲ್ಲಿಯೇ ಓದಬೇಕು.

‘ನಾಗರಹಾವು’ ಒಂದು ಆಕಸ್ಮಿಕವಲ್ಲ. ಐದು ವರ್ಷ ಮೊದಲು ‘ಬೆಳ್ಳಿಮೋಡ’ದಲ್ಲಿಯೇ (1967) ಈ ಕೈಚಳಕ ಕಾಣುತ್ತದೆ. ತ್ರಿವೇಣಿಯವರ ಈ ಕಥೆಯಲ್ಲಿ, ಇಂದಿರೆಯ ತಂದೆಯ ಹಣದಿಂದ ಪರದೇಶಕ್ಕೆ ಹೋಗಿ ಓದಿ ಬಂದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಮನಸ್ಸು ತಿರುಗಿಸುತ್ತಾನೆ. ಮುಂದೆ ಅವನು ಪೆಟ್ಟುಬಿದ್ದು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಕೈ ಚಾಚುತ್ತಾನೆ. ಸಂಸಾರ ಚಿತ್ರದ ಸಂಪ್ರದಾಯವೆಲ್ಲ ಈ ಗಳಿಗೆಗಾಗಿಯೇ ಕಾದಿರುತ್ತದೆ: ತಪ್ಪಿದವನು ಅತ್ತನೋ, ಹೆಣ್ಣು ಕ್ಷಮಿಸಿದಳು, ಓಲಗ ಊದಿತು, ಶುಭಂ. ಇಂದಿರೆ ಒಲ್ಲೆನೆನ್ನುತ್ತಾಳೆ. ಸಿಟ್ಟಿಲ್ಲ, ಶಾಪವಿಲ್ಲ. ಶುಶ್ರೂಷೆ ಮಾಡಿದ್ದು ಕರುಣೆಯಿಂದ. ಕರುಣೆ ಬೇರೆ, ಮದುವೆ ಬೇರೆ. ಕಲ್ಪನಾ ಅವರ ಆ ನಿರಾಕರಣೆಯನ್ನು ಕಂಡವರು ‘ಕಣ್ಣೀರಿನ ಚಿತ್ರ’ ಎಂಬ ಹಗುರ ಮಾತನ್ನು ಆಡಲಾರರು.

ಇನ್ನು ನಮ್ಮ ಸಭೆಯಲ್ಲಿ ನಗೆಗೀಡಾದ ‘ಶರಪಂಜರ’ (1971). ಇದೂ ತ್ರಿವೇಣಿಯವರದೇ. ಕಾವೇರಿ ಬಾಣಂತಿಯಾಗಿದ್ದಾಗ ಬುದ್ಧಿ ಕಲಕಿ ಮಾನಸಿಕ ಆಸ್ಪತ್ರೆ ಸೇರುತ್ತಾಳೆ. ಗುಣವಾಗಿ ಮರಳುತ್ತಾಳೆ. ಹಳೆಯ ಅಚ್ಚಿನಲ್ಲಾದರೆ ಕಥೆ ಅಲ್ಲಿಗೆ ಮುಗಿಯಬೇಕು. ರೋಗ ವಾಸಿಯಾದದ್ದೇ ಸುಖಾಂತ. ಪುಟ್ಟಣ್ಣನವರ ಚಿತ್ರಕ್ಕೆ ಉಸಿರು ಕಟ್ಟುವುದು ಅಲ್ಲಿಂದ ಮುಂದೆ. ಅವಳಿಗೆ ವಾಸಿಯಾಗಿದೆ, ಮನೆಗೆ ವಾಸಿಯಾಗಿಲ್ಲ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಗಂಡನ ಮನಸ್ಸು ಬೇರೊಬ್ಬಳ ಕಡೆ ಹೋಗಿದೆಯೆಂದು ತಿಳಿದಾಗ ಅವಳು ಮತ್ತೆ ಕುಸಿಯುತ್ತಾಳೆ. ಈ ಚಿತ್ರದಲ್ಲಿ ವನವಾಸದಿಂದ ಮರಳಿದ ಸೀತೆಯನ್ನು ಕುರಿತ ಹಾಡೊಂದಿದೆ. ಅರಿಸಿನ ಕುಂಕುಮದ ದಿನ ಯಾವ ಮನೆಯಲ್ಲಿಯೂ ಹಾಡಬಹುದಾದಂಥ ವಸ್ತು. ಆದರೆ ಆಸ್ಪತ್ರೆಯಿಂದ ಮರಳಿದವಳ ಕಥೆಯೊಳಗೆ ಆ ಹಾಡು ಬಂದಾಗ, ಸೀತೆ ಮರಳಿದ ಮೇಲೆ ಅವಳಿಗೆ ಏನಾಯಿತೆಂಬುದು ತಾನಾಗಿ ನೆನಪಾಗುತ್ತದೆ. ಭಕ್ತಿಗೀತೆಯೊಂದು ದೋಷಾರೋಪಣ ಪಟ್ಟಿಯಾಗುತ್ತದೆ. ಹಾಡನ್ನು ಬಿಟ್ಟು ಚಿತ್ರ ತೆಗೆದವರ ಧೈರ್ಯಕ್ಕೆ ನನ್ನ ಗೌರವವಿದೆ. ಹಾಡಿನಿಂದಲೇ ಈ ಕೆಲಸ ಮಾಡಿಸಿದವರ ಕೌಶಲಕ್ಕೂ ಗೌರವ ಬೇಡವೇ?

ಸ್ವಂತ ಅನುಭವವೊಂದನ್ನು ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ದೂರದರ್ಶನದಲ್ಲಿ ಈ ಚಿತ್ರ ಬಂತು. ನಮ್ಮ ಬೀದಿಯ ಹೆಂಗಸರೆಲ್ಲ ನಮ್ಮ ಮನೆಯ ನಡುಮನೆಯಲ್ಲಿ ಕೂತು ನೋಡಿದರು. ಅದೇ ಬೀದಿಯ ಕೊನೆಯ ಮನೆಯಲ್ಲಿ, ಕೆಲವು ಕಾಲ ಆಸ್ಪತ್ರೆಯಲ್ಲಿದ್ದು ಬಂದ ಒಬ್ಬರಿದ್ದರು; ಅವರನ್ನು ಕರೆದಿರಲಿಲ್ಲ. ಕರೆಯದಿರುವುದು ರೂಢಿಯಾಗಿಹೋಗಿತ್ತು. ಚಿತ್ರ ಮುಗಿದಾಗ ಎಲ್ಲರೂ ಅತ್ತಿದ್ದರು. ಆದರೆ ಎಂದಿನಂತೆ ಮಾತಾಡದೆ ಒಬ್ಬೊಬ್ಬರಾಗಿ ಎದ್ದುಹೋದರು. ಮುಂದಿನ ಶುಕ್ರವಾರ ನಮ್ಮ ತಾಯಿ ನನ್ನನ್ನು ಕರೆದು, “ಕೊನೆಯ ಮನೆಯ ಅತ್ತೆಯವರನ್ನು ಅರಿಸಿನ ಕುಂಕುಮಕ್ಕೆ ಕರೆದು ಬಾ” ಎಂದರು. ಬೇರೇನೂ ಹೇಳಲಿಲ್ಲ. ಆ ಅತ್ತೆ ಬಂದು ನಮ್ಮ ಮನೆಯ ಜಮಖಾನದ ಒಂದು ಅಂಚಿನಲ್ಲಿ ಕೂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸೆರಗಿನಿಂದ ಒರೆಸಿಕೊಂಡ ಕಣ್ಣೀರನ್ನು ಕುರಿತು ನಗುವವರು ಇದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೋ ತಿಳಿಯದು. ಬೀದಿಯ ಆ ಕೋಣೆಗಳಿಗೆ ಹೊಸ ಅಲೆಯ ಚಿತ್ರಗಳು ತಲುಪಿರಲಿಲ್ಲ, ಇದು ತಲುಪಿತ್ತು. ಅಚ್ಚು ಪರಿಚಿತವಾಗಿದ್ದುದರಿಂದಲೇ ತಲುಪಿತ್ತು.

ಹಾಗೆಂದು ನಾನು ವಕೀಲಿ ಮಾಡಲು ಹೊರಟವನಲ್ಲ. ಪುಟ್ಟಣ್ಣನವರಲ್ಲಿ ದೋಷಗಳಿವೆ, ಸಣ್ಣವೂ ಅಲ್ಲ. ಸಂಕೇತಗಳ ಮೇಲಿನ ಮೋಹ ಅವರನ್ನು ಎಷ್ಟೋ ಸಲ ದಾರಿ ತಪ್ಪಿಸಿದೆ. ಮುಖವೇ ಹೇಳಿದ ಮಾತನ್ನು ಮತ್ತೆ ಒಂದು ಚಿತ್ರಸಂಕೇತದಿಂದ ಒತ್ತಿ ಹೇಳುತ್ತಾರೆ. ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಇನ್ನೊಂದಿದೆ. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ಯಲ್ಲಿ (1969) ಕುಲಕಸುಬಿನಿಂದ ಬಿಡಿಸಿಕೊಳ್ಳಬಯಸಿದ ಚಂದ್ರ ಸಾಯುತ್ತಾಳೆ, ಕಾವೇರಿಯ ಬುದ್ಧಿ ಹಾಳಾಗುತ್ತದೆ, ಮಾರ್ಗರೇಟ್ ಪ್ರಪಾತಕ್ಕೆ ಬೀಳುತ್ತಾಳೆ. ಪ್ರಶ್ನೆ ಕೇಳಿದ ಹೆಣ್ಣಿಗೆ ಬದುಕುವ ದಾರಿಯೇ ಇಲ್ಲವೇ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಬದುಕಿ ಉಳಿದ ಇಂದಿರೆಯೂ ಒಂಟಿಯಾಗಿಯೇ ಉಳಿದಳು. ಹಳೆಯ ಅಚ್ಚು ಇಲ್ಲಿ ಅವರ ಕೈಯನ್ನೂ ಕಟ್ಟಿಹಾಕಿತೆಂದು ನಾನು ಒಪ್ಪುತ್ತೇನೆ. ಆದರೆ ಹಳೆಯ ಚಿತ್ರಗಳಲ್ಲಿ ಹೆಣ್ಣು ಸತ್ತರೆ ಅದು ಅವಳ ಪಾತಿವ್ರತ್ಯದ ಕಿರೀಟವಾಗಿತ್ತು. ಇಲ್ಲಿ ಅದು ಉಳಿದವರ ಮೇಲಿನ ಕಳಂಕ. ಈ ವ್ಯತ್ಯಾಸ ತರಗತಿಯಲ್ಲಿ ಚರ್ಚೆಗೆ ಯೋಗ್ಯವಲ್ಲದಿದ್ದರೆ ಯಾವುದು ಯೋಗ್ಯ?

ಇನ್ನೊಂದು ಪಂಗಡಕ್ಕೂ ಒಂದು ಮಾತು ಹೇಳದೆ ಮುಗಿಸಲಾರೆ. ಅವರು ನಗುವವರಲ್ಲ, ಪೂಜೆ ಮಾಡುವವರು. ‘ಚಿತ್ರಬ್ರಹ್ಮ’ ಎಂದು ಬಿರುದು ಕೊಟ್ಟು, ಹಾರ ಹಾಕಿ, ಕರ್ಪೂರ ಹಚ್ಚಿದ ಮೇಲೆ ಚಿತ್ರವನ್ನು ನೋಡುವ ಅಗತ್ಯ ಅವರಿಗೆ ಕಾಣದು. ‘ನಾಗರಹಾವು’ ಚಿತ್ರದಲ್ಲಿ ಪ್ರೇಮಗೀತೆಯೊಂದನ್ನು ಇಡಿಯಾಗಿ ನಿಧಾನಗತಿಯಲ್ಲಿ ತೆಗೆದಿದ್ದಾರೆ. ಮುಂದೆ ಉಳಿಯಲಾರದ ಸುಖವೊಂದು ಆಗಲೇ ನೆನಪಾಗಿ ಮಾರ್ಪಟ್ಟಿದೆಯೇನೋ ಎಂಬ ಭಾವ ಅದರಿಂದ ಹುಟ್ಟುತ್ತದೆ. ಇಂದು ನಿಧಾನಗತಿಯೆಂಬುದು ನಾಯಕ ಬೀಡಿ ಹಚ್ಚುವುದಕ್ಕೂ, ಪಂಚೆ ಎತ್ತಿ ಕಟ್ಟುವುದಕ್ಕೂ, ಕಾರಿನಿಂದ ಇಳಿಯುವುದಕ್ಕೂ ಬಂದುಬಿಟ್ಟಿದೆ. ಅದನ್ನೇ ಆ ನಿರ್ದೇಶಕರ ‘ಶೈಲಿ’ ಎನ್ನುತ್ತಾರೆ. ಶೈಲಿ ಬೇರೆ, ಚಾಳಿ ಬೇರೆ. ಶೈಲಿ ಕಥೆಯ ಅರ್ಥವನ್ನು ತಿರುಗಿಸುತ್ತದೆ. ಚಾಳಿ ಕಥೆಯನ್ನು ನಿಲ್ಲಿಸಿ ತನ್ನನ್ನೇ ತೋರಿಸಿಕೊಳ್ಳುತ್ತದೆ. ಈ ಭೇದವನ್ನು ನಮ್ಮ ಹುಡುಗರಿಗೆ ಯಾರು ಕಲಿಸಬೇಕು? ಪಠ್ಯ ಸಮಿತಿಯಲ್ಲಿ ನಕ್ಕ ನಾವೇ ಕಲಿಸಬೇಕು.

ಸಮಿತಿ ಇನ್ನೊಮ್ಮೆ ಸೇರಲಿದೆ. ‘ಶರಪಂಜರ’ದ ಹೆಸರನ್ನು ನಾನು ಮತ್ತೆ ಎತ್ತುತ್ತೇನೆ. ‘ಘಟಶ್ರಾದ್ಧ’ವನ್ನು ತೆಗೆದುಹಾಕಿ ಇದನ್ನು ಸೇರಿಸಿರೆಂದು ನಾನು ಕೇಳುವುದಿಲ್ಲ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪಾಠ ಮಾಡೋಣವೆಂದು ಕೇಳುತ್ತೇನೆ. ಮನೆಯನ್ನು ಬಿಟ್ಟು ಹೊರಗೆ ನಿಂತು ಮಾತಾಡಿದವರೂ ಬೇಕು, ನಡುಮನೆಯಲ್ಲಿ ಕೂತೇ ಮಾತನ್ನು ಬದಲಾಯಿಸಿದವರೂ ಬೇಕು. ನನ್ನ ಹಿರಿಯ ಮಿತ್ರರಲ್ಲಿ ಒಂದೇ ಪ್ರಾರ್ಥನೆ: ಬರುವ ಸಭೆಗೆ ಮುಂಚೆ ಚಿತ್ರವನ್ನು ಒಂದು ಸಲ ಪೂರ್ತಿಯಾಗಿ ನೋಡಿ ಬನ್ನಿ. ಅಳು ಬಂದರೆ ಅತ್ತುಬಿಡಿ, ಸೆರಗಿಲ್ಲದಿದ್ದರೆ ಕರವಸ್ತ್ರವಿದೆ. ಆಮೇಲೆ ಕೂತು ಜಗಳವಾಡೋಣ.