ಬೀಗದ ಕೈ ಹಿಡಿದ ವಿದ್ಯಾರ್ಥಿ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ದೇವಾಲಯಕ್ಕೆ ಮಾತ್ರ ಮೀಸಲಾದುದಲ್ಲ. ಕಾಲೇಜಿನ ಗ್ರಂಥಭಂಡಾರಕ್ಕೂ ಅದು ಸಲ್ಲುತ್ತದೆ. ಬೀರುವಿನೊಳಗೆ ಬೇಕಾದ ಪುಸ್ತಕವಿದೆ. ಆದರೆ ಅದನ್ನು ತೆಗೆದುಕೊಡಬೇಕಾದ ಕೈ ಸೋಮಾರಿಯಾದರೆ ಅಥವಾ ಪಕ್ಷಪಾತಕ್ಕೆ ಒಳಗಾದರೆ ಆ ಪುಸ್ತಕ ಇದ್ದೂ ಇಲ್ಲದಂತೆಯೇ ಸರಿ. ಗ್ರಂಥಪಾಲಕರು ಒಬ್ಬರೇ ಇರುವ ಕಾಲೇಜುಗಳಲ್ಲಿ ಎಷ್ಟೋ ವೇಳೆ ಆ ಕೈ ವಿದ್ಯಾರ್ಥಿಯದೇ ಆಗಿರುತ್ತದೆ.

ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ಈ ಮಾತಿಗೆ ವಿಶೇಷ ತೂಕವುಂಟು. ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ತೋಟದ ಕೂಲಿಗಾರರ ಮತ್ತು ಸಣ್ಣ ಹಿಡುವಳಿದಾರರ ಮಕ್ಕಳಿಗೆ ದೂರದ ಪಟ್ಟಣಕ್ಕೆ ಹೋಗದೆ ಪದವಿ ಪಡೆಯಲು ಇರುವ ದಾರಿ ಇದೇ. ಒಂದು ಪಠ್ಯಪುಸ್ತಕದ ಬೆಲೆ ಮನೆಯವರ ಒಂದು ದಿನದ ಕೂಲಿಯನ್ನು ಮೀರುವುದುಂಟು. ಹೆತ್ತೂರು, ಯಸಳೂರುಗಳ ಕಡೆಯಿಂದ ಬಂದ ಹುಡುಗನಿಗೆ ಸಂಜೆಯ ಬಸ್ಸು ಹೊರಡುವುದರೊಳಗೆ ಪುಸ್ತಕ ಸಿಕ್ಕದೆ ಹೋದರೆ ಆ ದಿನದ ಓದು ಅಲ್ಲಿಗೇ ಮುಗಿಯಿತು.

ಇಂಥ ಕಡೆ ದಿನಕ್ಕೆ ಎರಡು ಗಂಟೆಯ ಮಟ್ಟಿಗೆ ಗ್ರಂಥಭಂಡಾರದಲ್ಲಿ ದುಡಿದು ನಾಲ್ಕು ಕಾಸು ಸಂಪಾದಿಸುವ ಅವಕಾಶ ಬಡ ವಿದ್ಯಾರ್ಥಿಗೆ ದೊರೆತರೆ ಅದು ಸಣ್ಣ ಸಂಗತಿಯಲ್ಲ. ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ವಾರಾನ್ನ ಉಂಡು ಓದಿದರು. ದಿನಕ್ಕೊಂದು ಮನೆಯ ಊಟ. ಜೊತೆಗೆ ದಿನಕ್ಕೊಂದು ಮನೆಯ ದಾಕ್ಷಿಣ್ಯ. ಗ್ರಂಥಭಂಡಾರದ ಕೆಲಸ ಹಾಗಲ್ಲ. ಅಲ್ಲಿ ಸಿಗುವುದು ದಾನವಲ್ಲ, ಕೂಲಿ. ಈ ಒಂದು ಭೇದವನ್ನು ಕಾಲೇಜೂ ಮರೆಯಬಾರದು, ವಿದ್ಯಾರ್ಥಿಯೂ ಮರೆಯಬಾರದು.

ಈ ಕೆಲಸ ಕೀಳೆಂದು ಭಾವಿಸುವವರು ಒಂದು ಸಂಗತಿಯನ್ನು ನೆನೆಯಬಹುದು. ಅಮೆರಿಕದ ಅಮ್ಹರ್ಸ್ಟ್ ಕಾಲೇಜಿನಲ್ಲಿ 1872ರಲ್ಲಿ ಗ್ರಂಥಭಂಡಾರದ ಸಹಾಯಕನಾಗಿ ಸೇರಿದ ಮೆಲ್ವಿಲ್ ಡ್ಯೂಯಿ ಆಗಿನ್ನೂ ವಿದ್ಯಾರ್ಥಿ. ಪುಸ್ತಕಗಳನ್ನು ಹುಡುಕುವ ತೊಡಕನ್ನು ಕಣ್ಣಾರೆ ಕಂಡ ಆತ ದಶಮಾಂಶ ವರ್ಗೀಕರಣವನ್ನು ರೂಪಿಸಿದ. 1876ರಲ್ಲಿ ಅದು ಅಚ್ಚಾಯಿತು. ಆ ಪದ್ಧತಿಯಲ್ಲಿ ಕಾಫಿ ಬೆಳೆಯ ಪುಸ್ತಕದ ಸ್ಥಾನ 633.73. ಸಹಾಯಕನು ಅವಸರದಲ್ಲಿ ಅದನ್ನು ಜೇನುಸಾಕಣೆಯ 638.1ರ ಸಾಲಿಗೆ ಸೇರಿಸಿದರೆ, ಕಾಫಿಯ ಸೀಮೆಯಲ್ಲಿಯೇ ಕಾಫಿಯ ಪುಸ್ತಕ ಕಾಣೆಯಾಗುತ್ತದೆ. ಕಳ್ಳನು ಒಯ್ದ ಪುಸ್ತಕಕ್ಕೂ ತಪ್ಪು ಸಾಲಿನಲ್ಲಿಟ್ಟ ಪುಸ್ತಕಕ್ಕೂ ವಾಚಕನ ಮಟ್ಟಿಗೆ ವ್ಯತ್ಯಾಸವಿಲ್ಲ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ವಾಚಕನ ಕಾಲವನ್ನು ಉಳಿಸಬೇಕೆಂಬುದೂ ಒಂದು. ಬಸ್ಸಿಗೆ ಕಾದು ನಿಂತ ಮಲೆನಾಡಿನ ವಿದ್ಯಾರ್ಥಿಗೆ ಆ ಸೂತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸಹಾಯಕನಿಂದ ನಿರೀಕ್ಷಿಸತಕ್ಕದ್ದೇನು? ಮೊದಲನೆಯದು ಹೊತ್ತಿಗೆ ಸರಿಯಾಗಿ ಬರುವುದು. ಎರಡನೆಯದು, ಮೇಜಿನ ಮುಂದೆ ವಾಚಕನು ನಿಂತಿರುವಾಗ ತನ್ನ ಪಾಠವನ್ನಾಗಲಿ ಮೊಬೈಲನ್ನಾಗಲಿ ಬದಿಗಿಡುವುದು. ಮೂರನೆಯದು ಗುಟ್ಟು ಕಾಯುವುದು. ಯಾರು ಯಾವ ಪುಸ್ತಕ ಒಯ್ದರೆಂಬುದು ರಿಜಿಸ್ಟರಿನಲ್ಲಿರಲಿ, ಕಂಪ್ಯೂಟರಿನಲ್ಲಿರಲಿ, ಹೊರಗೆ ಆಡುವ ಮಾತಲ್ಲ. ಒಬ್ಬಳು ಯಾವುದೋ ಕಾಯಿಲೆಯ ಪುಸ್ತಕವನ್ನೋ ವಿವಾಹ ಕಾನೂನಿನ ಪುಸ್ತಕವನ್ನೋ ಓದಿದಳೆಂಬ ಸುದ್ದಿ ಸಣ್ಣ ಊರಿನಲ್ಲಿ ಸಂಜೆಯೊಳಗೆ ಮನೆ ತಲುಪೀತು.

ಮಲೆನಾಡಿನಲ್ಲಿ ಇನ್ನೊಂದು ಕರ್ತವ್ಯವೂ ಸೇರುತ್ತದೆ. ಗೊರಬಿನ ಕಾಲ ಹೋಗಿ ಛತ್ರಿಯ ಕಾಲ ಬಂದರೂ ಮಳೆ ಮಾತ್ರ ಅದೇ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒತ್ತಿ ನಿಂತ ಬೀರುಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒದ್ದೆಯಾಗಿ ಬಂದ ಪುಸ್ತಕವನ್ನು ಹಾಗೆಯೇ ಸಾಲಿಗೆ ಸೇರಿಸಿದರೆ ನೆರೆಯ ಪುಸ್ತಕಗಳೂ ಕೆಡುತ್ತವೆ. ಅದನ್ನು ಬೇರೆಯಿಟ್ಟು, ಬಿಸಿಲಿಗಾಗಲಿ ಬೆಂಕಿಗಾಗಲಿ ಹಿಡಿಯದೆ, ನೆರಳಿನಲ್ಲಿ ಗಾಳಿಗೆ ಆರಿಸಿ, ಗ್ರಂಥಪಾಲಕರಿಗೆ ತಿಳಿಸಬೇಕು.

ಇವೆಲ್ಲ ಕಲಿತರೆ ಬರುವ ಕೆಲಸಗಳು. ಕಠಿಣವಾದ ಪರೀಕ್ಷೆ ಬರುವುದು ಬೇರೆ ಕಡೆಯಿಂದ. ಪರೀಕ್ಷೆಯ ತಿಂಗಳೆಂದು ಭಾವಿಸೋಣ. ಲೆಕ್ಕಶಾಸ್ತ್ರದ ಪುಸ್ತಕದ ಒಂದೇ ಪ್ರತಿ ಉಳಿದಿದೆ. ಸಹಾಯಕಿಯ ಊರಿನವಳೇ ಆದ ಗೆಳತಿ ಮೆಲ್ಲನೆ ಬಂದು, “ಅದನ್ನು ಹಿಂದಿನ ಸಾಲಿನಲ್ಲಿ ಬಚ್ಚಿಡೇ, ನಾಳೆ ಒಯ್ಯುತ್ತೇನೆ” ಎನ್ನುತ್ತಾಳೆ. ಅತ್ತ ಒಬ್ಬ ಅಪರಿಚಿತ ಹುಡುಗ ಅದೇ ಪುಸ್ತಕ ಕೇಳಿ ನಿಂತಿದ್ದಾನೆ. ಒಪ್ಪಿದರೆ ಅವನಿಗೆ ಅನ್ಯಾಯ. ಒಪ್ಪದಿದ್ದರೆ ದಿನವೂ ಒಂದೇ ಬಸ್ಸಿನಲ್ಲಿ ಬರುವ ಗೆಳತಿಯ ಮುನಿಸು. ಹದಿನೆಂಟರ ಹುಡುಗಿಯೊಬ್ಬಳ ಮೇಲೆ ಈ ಭಾರವನ್ನು ಹೊರಿಸಿ, ಅವಳು ಸೋತರೆ ಅಪ್ರಾಮಾಣಿಕಳೆಂದು ಜರೆಯುವುದು ಸುಲಭ. ಆದರೆ ಕಾಯ್ದಿರಿಸುವವರ ಪಟ್ಟಿಯೊಂದು ಗೋಡೆಯ ಮೇಲೆ ತೂಗುತ್ತಿದ್ದರೆ ಅವಳು, “ಪಟ್ಟಿಯಲ್ಲಿ ಹೆಸರು ಬರೆಯೇ, ಸರದಿ ಬಂದಾಗ ನಾನೇ ಕರೆಯುತ್ತೇನೆ” ಎಂದು ನಗುತ್ತ ಹೇಳಬಲ್ಲಳು. ನಿಯಮವೆಂಬುದು ಸಹಾಯಕಿಯನ್ನು ಕಟ್ಟಿಹಾಕುವ ಹಗ್ಗವಲ್ಲ, ಅವಳ ಸ್ನೇಹವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಕಾಯುವ ಬೇಲಿ.

ಆದುದರಿಂದಲೇ ಕಾಲೇಜಿನ ಹೊಣೆ ಇನ್ನೂ ಹೆಚ್ಚಿನದು. ಕೆಲಸವೇನು, ಎಷ್ಟು ಹೊತ್ತು, ಸಂಬಳವೆಷ್ಟು, ಯಾವ ತಾರೀಖಿಗೆ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ಕೊಡಬೇಕು. ಧೂಳು ಒರೆಸುವುದನ್ನು ಮಾತ್ರವಲ್ಲದೆ ವರ್ಗೀಕರಣವನ್ನೂ ಕಲಿಸಬೇಕು. ಪರೀಕ್ಷೆಯ ದಿನಗಳಲ್ಲಿ ಬಿಡುವು ಕೊಡಬೇಕು. ಕಡೆಯ ಬಸ್ಸು ತಪ್ಪುವಂತೆ ಸಂಜೆ ನಿಲ್ಲಿಸಿಕೊಳ್ಳಬಾರದು. ಚಹಾ ತರುವುದು, ಅಧ್ಯಾಪಕರ ಮನೆಗೆ ಪುಸ್ತಕ ಹೊರುವುದು ಆ ಸಂಬಳಕ್ಕೆ ಸೇರಿದ ಕೆಲಸಗಳಲ್ಲ. ಕಳೆದುಹೋದ ಪುಸ್ತಕದ ಬೆಲೆಯನ್ನು ವಿಚಾರಣೆಯಿಲ್ಲದೆ ಸಹಾಯಕನ ಕೂಲಿಯಿಂದ ಮುರಿದುಕೊಳ್ಳುವುದಂತೂ ಎಂದಿಗೂ ಸಲ್ಲದು.

ಕೊಟ್ಟು ಕೊಳ್ಳುವ ಈ ಸಂಬಂಧಕ್ಕೆ ಮಲೆನಾಡಿನಲ್ಲಿ ಒರೆಗಲ್ಲೊಂದಿದೆ: ಕಾಫಿಯ ಕುಯ್ಲು. ನವೆಂಬರ್‌ನಿಂದ ಆರಂಭವಾಗುವ ಅರೇಬಿಕಾ ಕುಯ್ಲಿನ ದಿನಗಳಲ್ಲಿ ಮನೆಗೆ ಪ್ರತಿಯೊಂದು ಕೈಯೂ ಬೇಕು. ಹೇಳದೆ ಕೇಳದೆ ನಿಂತುಬಿಡುವ ಸಹಾಯಕ ತಪ್ಪು ಮಾಡಿದಂತೆ. ವಾರದ ಮುಂಚೆ ತಿಳಿಸಿದವನಿಗೆ ಬದಲಿ ಏರ್ಪಾಡು ಮಾಡಿಕೊಡದೆ ಗದರುವ ಕಾಲೇಜೂ ತಪ್ಪು ಮಾಡಿದಂತೆಯೇ. ಮುಂಚಿತವಾಗಿ ಆಡಿದ ಒಂದು ಮಾತು ಎರಡೂ ತಪ್ಪುಗಳನ್ನು ತಪ್ಪಿಸುತ್ತದೆ.

ಮೂರು ವರ್ಷ ಕಳೆದ ಮೇಲೆ ವಿದ್ಯಾರ್ಥಿ ಬೀಗದ ಕೈಯನ್ನು ಒಪ್ಪಿಸಿ ಹೊರಟುಹೋಗುತ್ತಾನೆ. ಮುಂದೆ ಅವನು ತಾಲ್ಲೂಕು ಕಚೇರಿಯ ಮೇಜಿನ ಹಿಂದೆಯೋ ಬ್ಯಾಂಕಿನ ಕಿಟಕಿಯ ಹಿಂದೆಯೋ ಕುಳಿತಾನು. ದೂರದ ಊರಿನಿಂದ ಬಂದು ಬಸ್ಸಿನ ಹೊತ್ತಾಯಿತೆಂದು ತವಕಿಸುವ ಮನುಷ್ಯನೊಬ್ಬ ಎದುರಿಗೆ ನಿಂತಾಗ, ಇವನು ಅವನನ್ನು ಹೇಗೆ ನೋಡುತ್ತಾನೆಂಬುದು ಇಂದು ಗ್ರಂಥಭಂಡಾರದ ಮೇಜಿನ ಬಳಿ ಕಲಿತ ಪಾಠವನ್ನು ಅವಲಂಬಿಸಿದೆ.