ಬೊಕ್ಕಸಕ್ಕೆ ಬಿಟ್‌ಕಾಯಿನ್ ಬೇಡ

2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಬಿಟ್‌ಕಾಯಿನ್ ಮೀಸಲು ನಿಧಿಯ ಆದೇಶಕ್ಕೆ ಸಹಿ ಹಾಕಿದರು. ಜೂನ್ ಹೊತ್ತಿಗೆ ಬಿಜೆಪಿ ವಕ್ತಾರ ಪ್ರದೀಪ್ ಭಂಡಾರಿ, ಭಾರತವೂ ಪ್ರಾಯೋಗಿಕವಾಗಿ ಅಂಥದ್ದನ್ನು ಕಟ್ಟಲಿ ಎಂದರು. ಇದಕ್ಕೆ ಉತ್ತರ ಕೊಡುವ ಹಕ್ಕು ನಮ್ಮ ಸೀಮೆಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸರ್ಕಾರಿ ಕಂಪನಿ ಇಂದಿಗೂ ಚಿನ್ನ ಅಗೆಯುತ್ತಿದೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನದ ಗಣಿಯ ಇಂಜಿನಿಯರೇ.

ಮೀಸಲು ಇರುವುದು ಕೆಟ್ಟ ದಿನಕ್ಕೆ. 1991ರಲ್ಲಿ ದೇಶದ ಬಳಿ ಮೂರು ವಾರದ ಆಮದಿಗೂ ಡಾಲರ್ ಸಾಲದಾದಾಗ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಲಂಡನ್ನಿಗೆ ಹೋಯಿತು; ಅದರ ಮೇಲೆ ಸುಮಾರು 40 ಕೋಟಿ ಡಾಲರ್ ಸಾಲ ಹುಟ್ಟಿತು. ಅವಮಾನವಾಯಿತು ನಿಜ, ಆದರೆ ಮಾನ ಉಳಿಯಿತು. ಬಿಟ್‌ಕಾಯಿನ್ ಅಂಥ ದಿನ ಏನು ಮಾಡುತ್ತದೆ? 2021ರ ನವೆಂಬರ್‌ನಲ್ಲಿ ಸುಮಾರು 69 ಸಾವಿರ ಡಾಲರ್ ಇದ್ದದ್ದು ಒಂದೇ ವರ್ಷದಲ್ಲಿ 16 ಸಾವಿರದ ಆಸುಪಾಸಿಗೆ ಬಂದಿತ್ತು. ಅದನ್ನು ಅಡವಿಟ್ಟುಕೊಂಡು ಯಾವ ದೇಶ ಸಾಲ ಕೊಟ್ಟೀತು?

ಪರವಾಗಿರುವವರ ವಾದವೂ ಹಗುರವಲ್ಲ. 2022ರಲ್ಲಿ ಪಾಶ್ಚಾತ್ಯ ದೇಶಗಳು ರಷ್ಯಾದ ವಿದೇಶಿ ಮೀಸಲಿಗೆ ಬೀಗ ಜಡಿದವು. ಬಿಟ್‌ಕಾಯಿನ್‌ಗೆ ಹಾಗೆ ಬೀಗ ಹಾಕಲಾಗದು, 2.1 ಕೋಟಿಗಿಂತ ಹೆಚ್ಚು ನಾಣ್ಯ ಹುಟ್ಟುವುದೂ ಇಲ್ಲ ಎನ್ನುತ್ತಾರೆ. ಆದರೆ ಆ ಭಯಕ್ಕೆ ಮದ್ದು ನಮ್ಮಲ್ಲೇ ಇದೆ. ರಿಸರ್ವ್ ಬ್ಯಾಂಕ್ 2024ರಲ್ಲಿ ಬ್ರಿಟನ್‌ನಿಂದ 100 ಟನ್ ಚಿನ್ನವನ್ನು ಮನೆಗೆ ತಂದುಕೊಂಡಿತು. ಇನ್ನು ಅಮೆರಿಕ ನಿಧಿಗೆ ತುಂಬಿದ್ದು ಅಪರಾಧಿಗಳಿಂದ ಮುಟ್ಟುಗೋಲು ಹಾಕಿಕೊಂಡ ನಾಣ್ಯಗಳನ್ನು. ತೆರಿಗೆ ಹಣದಲ್ಲಿ ಕೊಂಡ ಎಲ್ ಸಾಲ್ವಡಾರ್, ಐಎಂಎಫ್ ಸಾಲಕ್ಕಾಗಿ 2025ರ ಜನವರಿಯಲ್ಲಿ ತನ್ನ ಬಿಟ್‌ಕಾಯಿನ್ ಕಾನೂನನ್ನೇ ಸಡಿಲಿಸಬೇಕಾಯಿತು.

ಮುಟ್ಟುಗೋಲಿನ ದಾರಿಯಲ್ಲಿ ನಮ್ಮ ರಾಜ್ಯದ ಅನುಭವವೇನು? 2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹ್ಯಾಕರ್ ಒಬ್ಬನಿಂದ 9 ಕೋಟಿ ರೂಪಾಯಿಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವು ಎಂದರು. ಆಮೇಲೆ ನೋಡಿದರೆ ಅವು ಸರ್ಕಾರದ ಕೈಗೆ ಬಂದೇ ಇರಲಿಲ್ಲ. 2023ರಲ್ಲಿ ರಚನೆಯಾದ ಎಸ್‌ಐಟಿ, ಮೊದಲು ತನಿಖೆ ನಡೆಸಿದ್ದ ಪೊಲೀಸ್ ಅಧಿಕಾರಿಯನ್ನೇ ಮರುವರ್ಷ ಬಂಧಿಸಿತು.

ಕೂಡಿಟ್ಟದ್ದೆಷ್ಟು ಎಂಬುದರಷ್ಟೇ ಬಾಗಿಲು ಎಷ್ಟು ಭದ್ರ ಎಂಬುದೂ ಮುಖ್ಯ. ಸಿಂಧನೂರಿನ ಭತ್ತದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ, ತುಂಬಿದ್ದ ನೀರು ಹೊಳೆ ಪಾಲಾಯಿತು. ಆ ಗೇಟಿಗಾದರೂ ವಾರದೊಳಗೆ ತಡೆ ಕೂರಿಸಿದರು. ಬಿಟ್‌ಕಾಯಿನ್‌ನ ಬಾಗಿಲು ಒಂದು ಗುಪ್ತ ಕೀ ಮಾತ್ರ. ಅದು ಕಳ್ಳನ ಪಾಲಾದರೆ ತಡೆಹಿಡಿಯಲು ಬ್ಯಾಂಕಿಲ್ಲ.

ಜನ ತಮ್ಮ ದುಡ್ಡಿನಲ್ಲಿ ಕ್ರಿಪ್ಟೊ ಕೊಳ್ಳಲಿ, ಬಿಡಲಿ. 2022ರಿಂದ ಅದರ ಲಾಭಕ್ಕೆ ಶೇ 30 ತೆರಿಗೆ ಇದೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆದುಕೊಳ್ಳಲೂ ಸರ್ಕಾರ ಬಿಡುವುದಿಲ್ಲ. ಒಬ್ಬ ಪ್ರಜೆಯ ಜೇಬಿಗೇ ಅಪಾಯವೆಂದು ತಾನೇ ಬಗೆದ ಸರಕನ್ನು ಎಲ್ಲ ಪ್ರಜೆಗಳ ಬೊಕ್ಕಸಕ್ಕೆ ತುಂಬುವ ಅಧಿಕಾರವನ್ನು ಅದಕ್ಕೆ ಕೊಟ್ಟವರಾರು?