ಮಹಿಳಾ ಸೇವಾಸಂಘದ ಶಾಖೆಯೂ ಊರಿನ ಹೆಣ್ಣುಮಕ್ಕಳೂ

ಮಹಿಳಾ ಸೇವಾಸಂಘದ ಊರಶಾಖೆಯ ವಾರ್ಷಿಕೋತ್ಸವವೆಂದರೆ ಅದರ ಕ್ರಮವು ನಮ್ಮ ವಾಚಕರಿಗೆಲ್ಲ ತಿಳಿದದ್ದೇ ಆಗಿದೆ. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷಿಣಿಯವರಿಗೆ ಹೂಮಾಲೆ. ಬಳಿಕ ಕಾರ್ಯದರ್ಶಿನಿಯವರು ಎದ್ದುನಿಂತು ವರ್ಷದ ವರದಿಯನ್ನು ಓದುವರು. ಹೊಲಿಗೆಯಂತ್ರಗಳನ್ನು ಇಷ್ಟು ಮಂದಿಗೆ ಕೊಡಲಾಯಿತು, ಪುಸ್ತಕಗಳನ್ನು ಇಷ್ಟು ಮಕ್ಕಳಿಗೆ ಹಂಚಲಾಯಿತು, ಕಣ್ಣಿನ ತಪಾಸಣೆ ಒಂದು ದಿನ, ಗಿಡ ನೆಡುವ ಸಮಾರಂಭ ಇನ್ನೊಂದು ದಿನ. ಸಭಿಕರು ಕೈತಟ್ಟುವರು, ಛಾಯಾಚಿತ್ರ ತೆಗೆಯಲಾಗುವುದು, ವಂದನಾರ್ಪಣೆಯೊಡನೆ ಸಭೆಯು ಮುಗಿಯುವುದು.

ಈ ಕಾರ್ಯಗಳಲ್ಲಿ ಯಾವುದನ್ನೂ ನಾವು ಹಗುರವಾಗಿ ಕಾಣುವವರಲ್ಲ. ಮನೆಗೆಲಸವನ್ನು ತೀರಿಸಿ, ಉದ್ಯೋಗವನ್ನು ಮಾಡಿ, ಉಳಿದ ಅಲ್ಪ ವೇಳೆಯಲ್ಲಿ ಪರರಿಗಾಗಿ ದುಡಿಯುವ ಸಹೋದರಿಯರನ್ನು ಹಾಸ್ಯಮಾಡುವುದು ಸುಲಭ. ಆ ಸುಲಭದ ದಾರಿ ನಮಗೆ ಬೇಡ. ಆದರೂ ಒಂದು ಪ್ರಶ್ನೆಯನ್ನು ವಿನಯಪೂರ್ವಕವಾಗಿ ಕೇಳಬೇಕಾಗಿದೆ. ಶಾಖೆಯೊಂದು ಇದ್ದುದರಿಂದ ಆ ಊರಿನ ಯಾವ ಹುಡುಗಿಯ ಬಾಳು ಬೇರೆಯಾಯಿತು? ಹಂಚಿದ ವಸ್ತುಗಳ ಲೆಕ್ಕವು ವರದಿಯಲ್ಲಿರುತ್ತದೆ. ಈ ಪ್ರಶ್ನೆಗೆ ಉತ್ತರವು ಅಪರೂಪವಾಗಿ ಇರುತ್ತದೆ. ಶಾಖೆಯ ಬೆಲೆಯು ಅದು ಏನನ್ನು ಕೊಟ್ಟಿತೆಂಬುದರಲ್ಲಿ ಅಲ್ಲ, ಯಾರನ್ನು ಬಲ್ಲದು, ಯಾರಿಗಾಗಿ ಸಕಾಲದಲ್ಲಿ ಬಾಯಿ ತೆರೆಯಬಲ್ಲದು ಎಂಬುದರಲ್ಲಿದೆ ಎಂದು ನಾವು ನಂಬುತ್ತೇವೆ. ಇದು ನಮ್ಮ ಹೊಸ ಕಲ್ಪನೆಯಲ್ಲ. ನಮ್ಮ ದೇಶದ ಮಹಿಳಾಸಂಘಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

1917ನೆಯ ಇಸವಿ ಮೇ ತಿಂಗಳಲ್ಲಿ ಮದರಾಸಿನ ಅಡಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವು ಹುಟ್ಟಿತು. ಆನಿ ಬೆಸಂಟರು ಅದರ ಅಧ್ಯಕ್ಷಿಣಿ. ಮಾರ್ಗರೆಟ್ ಕಸಿನ್ಸ್, ಡೊರೊಥಿ ಜಿನರಾಜದಾಸ ಮೊದಲಾದವರು ಅದನ್ನು ಕಟ್ಟಿದವರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡುರವರ ಮುಂದಾಳುತನದಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಮಂತ್ರಿ ಮಾಂಟೆಗೂರವರನ್ನು ಕಂಡು, ಹೆಂಗಸರಿಗೂ ಮತದಾನದ ಹಕ್ಕು ಬೇಕೆಂದು ಕೇಳಿತು. 1921ರಲ್ಲಿ ಮದರಾಸು ಶಾಸನಸಭೆಯು ಆ ಹಕ್ಕಿಗೆ ಒಪ್ಪಿತು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಹಾಗೆ ಒಪ್ಪಿದುದು ಇದೇ ಮೊದಲು. ಆಸ್ತಿಯಿದ್ದ ಕೆಲವರಿಗೆ ಮಾತ್ರವೇ ಅದು ದೊರೆತರೂ ಬಾಗಿಲು ತೆರೆದಂತಾಯಿತು.

ದೊಡ್ಡ ಮೈಲಿಗಲ್ಲುಗಳೆಂದು ಇವನ್ನು ಪುಸ್ತಕಗಳು ಎಣಿಸುತ್ತವೆ. ಆದರೆ ಆ ಸಂಘದ ಊರಶಾಖೆಗಳು ಮಾಡುತ್ತಿದ್ದುದೇನು? ದೊಡ್ಡ ಹೆಂಗಸರಿಗೆ ಓದುಬರಹದ ತರಗತಿ, ಹೊಲಿಗೆ, ಪ್ರಥಮ ಚಿಕಿತ್ಸೆಯ ಪಾಠ. ಅಕ್ಷರ ಕಲಿಯುವ ನೆಪದಲ್ಲಿ ಮನೆಯ ಹೊಸಿಲನ್ನು ದಾಟಿ ಹತ್ತು ಮಂದಿಯ ನಡುವೆ ಕುಳಿತ ಗೃಹಿಣಿಯು ಕ್ರಮೇಣ ತನ್ನ ಅಭಿಪ್ರಾಯವನ್ನೂ ಹೇಳಲು ಕಲಿತಳು. ಮನವಿಪತ್ರಕ್ಕೆ ಸಹಿ ಬೇಕಾದಾಗ ಸಹಿ ಮಾಡುವ ಕೈಗಳು ಇಂಥ ತರಗತಿಗಳಲ್ಲಿಯೇ ಸಿದ್ಧವಾಗಬೇಕಷ್ಟೆ.

ನಮ್ಮ ಮಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಮಾರ್ಗರೆಟ್ ಕಸಿನ್ಸರು 1919-20ರಲ್ಲಿ ಇಲ್ಲಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮುಖ್ಯಸ್ಥೆಯಾಗಿದ್ದರು. ಈ ಊರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, ಕಸಿನ್ಸರ ಪ್ರೋತ್ಸಾಹದಿಂದಲೇ, 1926ರಲ್ಲಿ ಮದರಾಸು ಶಾಸನಸಭೆಯ ಸ್ಥಾನಕ್ಕೆ ನಿಂತು ಅಲ್ಪ ಅಂತರದಿಂದ ಸೋತರು. 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಮೊದಲ ಬಾರಿಗೆ ಸೇರಿತು; ಬಡೋದೆಯ ಮಹಾರಾಣಿ ಚಿಮಣಾಬಾಯಿಯವರು ಅಗ್ರಾಸನವನ್ನು ಅಲಂಕರಿಸಿದ್ದರು. ಮುಂದೆ ಆ ಪರಿಷತ್ತಿನ ಸಂಘಟನಾ ಕಾರ್ಯದರ್ಶಿನಿಯಾಗಿ ಊರೂರು ಸುತ್ತಿದವರು ಈ ಕಮಲಾದೇವಿಯವರೇ. ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡಿದ್ದ ಅವರಿಗೆ ಹೆಣ್ಣುಮಕ್ಕಳ ವಿದ್ಯೆಯ ಮಾತು ಬರಿಯ ಭಾಷಣದ ವಿಷಯವಾಗಿರಲಿಲ್ಲ.

ಪರಿಷತ್ತು ವಿದ್ಯಾಭ್ಯಾಸಕ್ಕೆಂದು ಸೇರಿದ ಸಭೆ. ಆದರೆ ಬಾಲ್ಯವಿವಾಹವು ನಿಲ್ಲದೆ ಹೆಣ್ಣಿನ ವಿದ್ಯೆಯು ಮುಂದುವರಿಯದೆಂಬುದು ಕೂಡಲೇ ಕಂಡಿತು. ಮಹಿಳಾಸಂಘಗಳು ಆ ಕುರಿತು ಸಭೆ ನಡೆಸಿದುವು, ಮನವಿ ಕಳುಹಿಸಿದುವು, ಸರಕಾರದ ವಿಚಾರಣಾಸಮಿತಿಯ ಮುಂದೆ ಸಾಕ್ಷ್ಯ ನುಡಿದುವು. 1929ರಲ್ಲಿ ಶಾರದಾ ಕಾಯಿದೆಯು ಅಂಗೀಕೃತವಾಯಿತು. ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬಿರಬೇಕೆಂದು ಗೊತ್ತಾಯಿತು. ಇದು ದೊಡ್ಡ ಜಯವೆಂಬುದರಲ್ಲಿ ಸಂದೇಹವಿಲ್ಲ.

ಜಯದ ಬೆನ್ನಿಗೇ ಪಾಠವೂ ಬಂದಿತು. ಕಾಯಿದೆಯು 1930ರ ಏಪ್ರಿಲ್ 1ರಿಂದ ಜಾರಿಗೆ ಬರುವುದೆಂದು ತಿಳಿದ ಕೂಡಲೇ ಎಷ್ಟೋ ಕಡೆಗಳಲ್ಲಿ ಆ ದಿನಕ್ಕೆ ಮುಂಚೆ ಅವಸರ ಅವಸರವಾಗಿ ಮಕ್ಕಳ ಮದುವೆಗಳು ನಡೆದುವು. ಬಳಿಕವಾದರೋ, ಪೊಲೀಸರು ತಾವಾಗಿ ಮೊಕದ್ದಮೆ ಹೂಡುವಂತಿರಲಿಲ್ಲ; ಯಾರಾದರೊಬ್ಬರು ನ್ಯಾಯಾಲಯಕ್ಕೆ ಹೋಗಿ ಒಂದು ವರ್ಷದೊಳಗೆ ದೂರು ಕೊಡಬೇಕು, ಅದಕ್ಕೆ 100 ರೂಪಾಯಿಯವರೆಗೆ ಜಾಮೀನನ್ನೂ ಒದಗಿಸಬೇಕು. ನೆರೆಮನೆಯವರ ಮೇಲೆ ಹಾಗೆ ಹೋಗುವವರು ಯಾರು? ಆಗುವ ಮದುವೆಯನ್ನು ತಡೆಯುವ ಅಧಿಕಾರವು ನ್ಯಾಯಾಲಯಕ್ಕೆ 1938ರ ತಿದ್ದುಪಡಿಯವರೆಗೆ ಇರಲೇ ಇಲ್ಲ. ಕಾಗದದ ಮೇಲೆ ಶಾಸನವಿತ್ತು. ಬೀದಿಯಲ್ಲಿ ಅದಕ್ಕೆ ದನಿಯಿರಲಿಲ್ಲ.

ಅಂದಿನಿಂದ ಶಾಸನವು ಬಹಳ ದೂರ ನಡೆದುಬಂದಿದೆ. ಹುಡುಗಿಯ ವಯಸ್ಸು 1949ರಲ್ಲಿ 15ಕ್ಕೂ, 1978ರಲ್ಲಿ 18ಕ್ಕೂ ಏರಿತು. 2006ರ ಕಾಯಿದೆಯು ಬಾಲ್ಯವಿವಾಹ ನಿಷೇಧಾಧಿಕಾರಿಗಳನ್ನು ನೇಮಿಸಿತು. ಮದುವೆಗೆ ಮುಂಚೆಯೇ ನ್ಯಾಯಾಲಯದಿಂದ ತಡೆಯಾಜ್ಞೆ ತರಲು ದಾರಿ ಮಾಡಿತು. ಕರ್ನಾಟಕವು 2016ರ ತನ್ನ ತಿದ್ದುಪಡಿಯಿಂದ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಹೇಳುವುದೇನು? 20ರಿಂದ 24 ವರ್ಷ ವಯಸ್ಸಿನ ಸ್ತ್ರೀಯರಲ್ಲಿ 18 ತುಂಬುವುದಕ್ಕೆ ಮುಂಚೆಯೇ ಮದುವೆಯಾದವರು ದೇಶದಲ್ಲಿ ಶೇಕಡಾ 23.3, ಕರ್ನಾಟಕದಲ್ಲಿ ಶೇಕಡಾ 21.3. ಅಂದರೆ ಐವರಲ್ಲಿ ಒಬ್ಬಳು! ಅವಳು ಯಾವುದೋ ದೂರದ ಸೀಮೆಯವಳಲ್ಲ. ಯಾರದೋ ಹೊಲಿಗೆ ತರಗತಿಯಲ್ಲಿ, ಯಾರದೋ ಪಾಠಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದ್ದಿರಲೇಬೇಕು.

ಇಲ್ಲಿಯೇ ಊರಶಾಖೆಯ ಕೆಲಸವಿದೆ ಎಂಬುದು ನಮ್ಮ ಅಭಿಪ್ರಾಯ. ಅಧಿಕಾರಿಗೆ ಕಚೇರಿಯಿದೆ, ಅಧಿಕಾರವಿದೆ. ಆದರೆ ಇಂಥ ಬೀದಿಯ ಇಂಥ ಮನೆಯ ಹುಡುಗಿ ಮೂರು ದಿನಗಳಿಂದ ಏಕೆ ಬರಲಿಲ್ಲವೆಂದು ಅವರಿಗೆ ತಿಳಿಯುವುದು ಹೇಗೆ? ಅದು ವಾರವಾರವೂ ಅವಳೊಡನೆ ಕುಳಿತು ನೂಲು ಪೋಣಿಸುವ ಅಕ್ಕನಿಗೆ ತಿಳಿಯುವುದು. ತಾಯಿಯೊಡನೆ ಮಾತನಾಡುವ ಸಲಿಗೆಯೂ ಅವಳಿಗೇ ಇರುವುದು. ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಆಡಿದ ಒಂದು ಮೆಲುಮಾತು, ಚಪ್ಪರ ಹಾಕಿದ ಮೇಲೆ ಬರುವ ಹತ್ತು ಮಂದಿ ಪೊಲೀಸರಿಗಿಂತ ಹೆಚ್ಚು ಫಲವನ್ನು ಕೊಟ್ಟೀತು. ಆ ಮಾತು ಫಲಿಸದಿದ್ದರೆ ಮಕ್ಕಳ ಸಹಾಯವಾಣಿಯಾದ 1098ಕ್ಕೆ ಕರೆಮಾಡುವ ಧೈರ್ಯವೂ ಶಾಖೆಗೆ ಇರತಕ್ಕದ್ದು. ಮದುವೆಯು ನಿಂತ ಮೇಲೆ ಆ ಹುಡುಗಿಯ ಶಾಲೆಯ ಖರ್ಚಿಗೂ, ಬೇಕಾದರೆ ವಸತಿಗೃಹದಲ್ಲಿ ಒಂದು ಸ್ಥಳಕ್ಕೂ ಏರ್ಪಾಡು ಮಾಡದಿದ್ದರೆ ಕೆಲಸವು ಅರ್ಧವೇ ಆದಂತಾಗುವುದು. ಶಾಖೆಯ ನಿಧಿಯನ್ನು ಇಂಥ ಕಾರ್ಯಕ್ಕೆ ಕಾದಿಡುವುದು ಮೇಲಲ್ಲವೇ?

ಇದಕ್ಕೆ ಆಕ್ಷೇಪಣೆಗಳುಂಟೆಂಬುದನ್ನು ನಾವು ಬಲ್ಲೆವು. ಪರರ ಮನೆಯ ವಿಷಯದಲ್ಲಿ ಕೈಹಾಕಿದರೆ ನಿಷ್ಠುರವಾಗುವುದು. ಶಾಖೆಯ ಹೆಸರು ಕೆಡುವುದು. ತಾಯಂದಿರು ಮಕ್ಕಳನ್ನು ತರಗತಿಗೆ ಕಳುಹಿಸುವುದನ್ನೇ ನಿಲ್ಲಿಸಿಯಾರು ಎಂದು ಕೆಲವರು ಹೇಳುವರು. ಈ ಭಯವು ಸುಳ್ಳಲ್ಲ. ಆದುದರಿಂದಲೇ ಇದು ಒಂದು ದಿನದ ಶಿಬಿರದಿಂದ ಆಗುವ ಕೆಲಸವಲ್ಲ. ಕಷ್ಟಸುಖಗಳಲ್ಲಿ ಬಾಗಿಲಿಗೆ ಬಂದು ನಿಂತವಳ ಮಾತನ್ನು ಮಾತ್ರ ಜನರು ಕೇಳುತ್ತಾರೆ. ವರ್ಷಕ್ಕೊಮ್ಮೆ ಬಂದು ಸೀರೆ ಹಂಚಿ ಹೋಗುವವರ ಬುದ್ಧಿವಾದವನ್ನು ಯಾರೂ ಬಯಸುವುದಿಲ್ಲ, ಬಯಸಬೇಕಾಗಿಯೂ ಇಲ್ಲ. ಇನ್ನೊಂದು ಮಾತು: ಬಡತನದಿಂದಲೂ, ಮಗಳ ಕ್ಷೇಮದ ಚಿಂತೆಯಿಂದಲೂ ಬೇಗ ಮದುವೆ ಮಾಡುವ ತಾಯಿಯು ನಮ್ಮ ವೈರಿಯಲ್ಲ. ಅವಳೂ ಬಹುಶಃ ಅದೇ ವಯಸ್ಸಿನಲ್ಲಿ ಮದುವೆಯಾದವಳು. ಅವಳನ್ನು ಸಭೆಯ ಹಿಂದಿನ ಸಾಲಿನಲ್ಲಿ ಕುಳ್ಳಿರಿಸದೆ ಶಾಖೆಯ ಸದಸ್ಯೆಯನ್ನಾಗಿ ಮಾಡಿಕೊಂಡರೆ ಅರ್ಧ ಜಗಳವು ಆಡದೆಯೇ ಮುಗಿಯುವುದು.

ಈ ಪಾಠಶಾಲೆಯಿಂದ ಹೊರಟುಹೋಗುವ ನಮ್ಮ ತಂಗಿಯರಿಗೆ ಕೊನೆಯದಾಗಿ ಒಂದು ಅರಿಕೆ. ನಾಳೆ ನೀವು ಎಲ್ಲಿ ನೆಲೆಸುವಿರೋ ಅಲ್ಲಿ ಯಾವುದಾದರೊಂದು ಮಹಿಳಾಸಂಘದ ಶಾಖೆ ಇದ್ದೇ ಇರುವುದು. ಅದರಲ್ಲಿ ಸೇರಿರಿ, ಹಿರಿಯರ ಶಾಖೆಗಳು ಕಿರಿಯರಿಲ್ಲದೆ ಸೊರಗುತ್ತಿರುವುದನ್ನು ನಾವು ಅಲ್ಲಲ್ಲಿ ಕಾಣುತ್ತಿದ್ದೇವೆ. ಸೇರಿದ ಮೇಲೆ, ಎಂದಾದರೊಂದು ದಿನ ವರದಿ ಬರೆಯುವ ಸರದಿ ನಿಮ್ಮದಾದಾಗ, ಯಂತ್ರಗಳ ಲೆಕ್ಕವನ್ನು ಬರೆಯಿರಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ, ಹೆಸರು ಹೇಳದೆ, ಇನ್ನೊಂದು ಸಾಲನ್ನೂ ಬರೆಯುವಂತಾಗಲಿ: ಈ ವರ್ಷ ನಮ್ಮ ತರಗತಿಯಿಂದ ನಿಂತುಹೋಗಲಿದ್ದ ಒಬ್ಬ ಹುಡುಗಿಯು ಮರಳಿ ಬಂದು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಳು. ಆ ಒಂದು ಸಾಲಿಗಾಗಿ ಶಾಖೆಯು ಇಡೀ ವರ್ಷ ದುಡಿದಿದ್ದರೂ ಅದು ವ್ಯರ್ಥವಾಯಿತೆಂದು ನಾವು ಹೇಳಲಾರೆವು.